ಬಂಡೆಗಳ ನಡುವೆ ದಾರಿ ಹಿಡಿಯಲು ನಕ್ಷೆ, ದಿಕ್ಸೂಚಿ

ಗಂಗಾವತಿ ಹತ್ತಿರದ ಹಿರೇಬೆಣಕಲ್‌ನಲ್ಲಿ ಕಲ್ಲುಮನೆಗಳನ್ನು (ಪ್ರಾಚೀನ ಕಲ್ಲು ಸಮಾಧಿಗಳನ್ನು) ನೋಡಲು ಗುಡ್ಡ ಹತ್ತುವಾಗ ತೊಂದರೆ ಇಲ್ಲ. ಇಳಿಯುವಾಗಲೇ ಕಷ್ಟ. ಯಾವ ಬಂಡೆ ನೋಡಿದರೂ ಒಂದೇ ಥರ ಕಾಣುತ್ತದೆ. ಕುರಿಗಳು ಓಡಾಡಿದ ಕಾಲುದಾರಿ ನಾಲ್ಕು ಕಡೆ ಒಡೆಯುತ್ತದೆ. ಒಮ್ಮೆ ಏಪ್ರಿಲ್‌ನಲ್ಲಿ ನಾನು ಅಲ್ಲಿ ಎರಡು ಗಂಟೆ ಸುತ್ತಿದ್ದೆ. ಬಿಸಿಲಿಗೆ ಕಾದು ಮೊಬೈಲ್ ಬಂದ್ ಆಗಿತ್ತು, ಉಳಿದಿದ್ದು ಅರ್ಧ ಬಾಟಲಿ ನೀರು. ಆಮೇಲೆಯೇ ನಾನು ನಕ್ಷೆ, ದಿಕ್ಸೂಚಿ ನೋಡಿ ದಾರಿ ಹಿಡಿಯುವುದನ್ನು ಕಲಿತದ್ದು.

ಮೊದಲು ನಕ್ಷೆ. ಭಾರತೀಯ ಸರ್ವೇಕ್ಷಣಾ ಇಲಾಖೆಯ 1:50,000 ಅಳತೆಯದು ಸಾಕು. ಅದರಲ್ಲಿ 2 ಸೆಂ.ಮೀ. ಅಂದರೆ ನೆಲದ ಮೇಲೆ 1 ಕಿ.ಮೀ. ಕಂದು ಗೆರೆಗಳು ಎತ್ತರ ತೋರಿಸುತ್ತವೆ. ಗೆರೆಯಿಂದ ಗೆರೆಗೆ ಎತ್ತರದ ವ್ಯತ್ಯಾಸ ಸಾಮಾನ್ಯವಾಗಿ 20 ಮೀಟರ್. ಒತ್ತೊತ್ತಾಗಿದ್ದರೆ ಕಡಿದಾದ ಏರು. ಆದರೆ ಮನೆಯಷ್ಟು ದೊಡ್ಡ ಬಂಡೆಯೂ ಈ ಗೆರೆಗಳಲ್ಲಿ ಕಾಣದೇ ಹೋಗಬಹುದು. ನಮ್ಮ ಕಡೆ ಅಡ್ಡ ಬರುವುದು ಅಂಥವೇ ಜಾಸ್ತಿ, ಅಲ್ವಾ?

ದಿಕ್ಸೂಚಿ ಕೊಳ್ಳುವಾಗ ಪಾರದರ್ಶಕ ಪಟ್ಟಿ, ಡಿಗ್ರಿ ಬರೆದ ತಿರುಗುವ ಬಳೆ ಇರುವುದನ್ನೇ ಆರಿಸಿ. ನೀವು ನಿಂತ ಜಾಗದಿಂದ ಹೋಗಬೇಕಾದ ಜಾಗಕ್ಕೆ ಪಟ್ಟಿಯ ಅಂಚನ್ನು ನಕ್ಷೆಯ ಮೇಲೆ ಜೋಡಿಸಿ. ಪಟ್ಟಿಯ ಬಾಣ ಹೋಗುವ ಕಡೆಗೇ ಇರಲಿ. ಈಗ ಬಳೆ ತಿರುಗಿಸಿ, ಅದರೊಳಗಿನ ಉತ್ತರದ ಗುರುತನ್ನು ನಕ್ಷೆಯ ಉತ್ತರಕ್ಕೆ ಸರಿಹೊಂದಿಸಿ. ನಕ್ಷೆ ಪಕ್ಕಕ್ಕಿಡಿ. ದಿಕ್ಸೂಚಿಯನ್ನು ಎದೆಯ ಮುಂದೆ ಮಟ್ಟವಾಗಿ ಹಿಡಿದು, ಮುಳ್ಳಿನ ಕೆಂಪು ತುದಿ ಆ ಗುರುತಿನೊಳಗೆ ಕೂರುವ ತನಕ ನೀವೇ ತಿರುಗಿ. ಪಟ್ಟಿಯ ಬಾಣ ತೋರಿಸುವುದೇ ನಿಮ್ಮ ದಿಕ್ಕು. ಮುಳ್ಳಿನ ಇನ್ನೊಂದು ತುದಿ ಕೂರಿಸಿದರೆ ಪೂರ್ತಿ ಉಲ್ಟಾ ಹೋಗುತ್ತೀರಿ. ಹೊಸಬರು ಎಡವುವುದೇ ಇಲ್ಲಿ.

ಮುಳ್ಳು ತೋರಿಸುವ ಉತ್ತರಕ್ಕೂ ನಕ್ಷೆಯ ಉತ್ತರಕ್ಕೂ ನಮ್ಮ ಭಾಗದಲ್ಲಿ ವ್ಯತ್ಯಾಸ ಬಹಳ ಕಡಿಮೆ. ಸಣ್ಣ ನಡಿಗೆಗೆ ಅದನ್ನು ಬಿಟ್ಟುಬಿಡಬಹುದು.

ಬಂಡೆಗಳ ನಡುವೆ ನೇರ ನಡೆಯುವುದಂತೂ ಆಗದ ಮಾತು. ದಿಕ್ಕು ನೋಡಿದ ಮೇಲೆ ಅದೇ ಸಾಲಿನಲ್ಲಿ ಕಾಣುವ ಒಂಟಿ ಮರವನ್ನೋ ಸೀಳಿದ ಬಂಡೆಯನ್ನೋ ಗುರುತಿಟ್ಟುಕೊಳ್ಳಿ. ಎಷ್ಟು ಸುತ್ತಿ ಬಳಸಿಯಾದರೂ ಅದರ ಹತ್ತಿರ ಹೋಗಿ. ಅಲ್ಲಿಂದ ಮತ್ತೊಂದು ಗುರುತು. ಹತ್ತುವಾಗಲೇ ಆಗಾಗ ಹಿಂದೆ ತಿರುಗಿ ನೋಡಿ. ಇಳಿಯುವಾಗ ಕಾಣುವುದು ಬಂಡೆಯ ಇನ್ನೊಂದು ಮುಖ. ಬಳೆಯಲ್ಲಿ ಪಟ್ಟಿಯ ಬಾಣದ ನೇರಕ್ಕೆ ಬಂದಿರುವ ಡಿಗ್ರಿಯನ್ನು ಚೀಟಿಯಲ್ಲಿ ಬರೆದಿಡಿ. ಅದು 180ಕ್ಕಿಂತ ಕಡಿಮೆ ಇದ್ದರೆ 180 ಕೂಡಿಸಿ, ಜಾಸ್ತಿ ಇದ್ದರೆ ಕಳೆಯಿರಿ. ವಾಪಸ್ ಬರುವ ದಿಕ್ಕು ಸಿಗುತ್ತದೆ.

ಮೊಬೈಲ್, ಬೈಕು, ವಿದ್ಯುತ್ ತಂತಿಗಳಿಂದ ದಿಕ್ಸೂಚಿ ದೂರವಿರಲಿ. ಸಂಡೂರಿನ ಕಬ್ಬಿಣದ ಅದಿರಿನ ಗುಡ್ಡಗಳಲ್ಲಿ ಇನ್ನೂ ಎಚ್ಚರ ಬೇಕು. ನಾಲ್ಕೈದು ಕಡೆ ನಿಂತು ನೋಡಿ, ಎಲ್ಲ ಕಡೆ ಒಂದೇ ದಿಕ್ಕು ಬಂದರೆ ಮಾತ್ರ ಮುಳ್ಳನ್ನು ನಂಬಿ.

ಮೊದಲ ಅಭ್ಯಾಸಕ್ಕೆ ಆನೆಗೊಂದಿ ಹತ್ತಿರದ ಅಂಜನಾದ್ರಿ ಬೆಟ್ಟ ಒಳ್ಳೆಯ ಜಾಗ. ಮೆಟ್ಟಿಲುಗಳಿರುವುದರಿಂದ ದಾರಿ ತಪ್ಪುವ ಭಯವಿಲ್ಲ. ತುದಿಯಲ್ಲಿ ನಕ್ಷೆ ಬಿಡಿಸಿ, ಅದರ ಉತ್ತರವನ್ನು ಮುಳ್ಳಿನ ಉತ್ತರಕ್ಕೆ ತಿರುಗಿಸಿ. ದಕ್ಷಿಣಕ್ಕೆ ತುಂಗಭದ್ರೆ, ಅದರಾಚೆ ಹಂಪಿ. ನಕ್ಷೆಯಲ್ಲಿರುವ ಹೊಳೆಯ ತಿರುವು ಕಣ್ಣೆದುರಿನ ತಿರುವಿಗೆ ಹೊಂದುವ ತನಕ ಸಮಾಧಾನವಾಗಿ ಕೂತು ನೋಡಿ. ಕತ್ತಲಾಗುವ ಮುಂಚೆ ಕೆಳಗಿಳಿಯಿರಿ, ಈ ಗುಡ್ಡಗಳಲ್ಲಿ ಕರಡಿ, ಚಿರತೆ ಇವೆ.