ಈ ಚಳಿಗೆ ಬೀಜ ಹಾಕಲಿಲ್ಲ, ಮಣ್ಣು ಒಣಹಾಕಿದೆ

ಡಿಸೆಂಬರ್ ಕೊನೆಯ ವಾರ. ಕಾಯಿ ಮುಗಿದಿದ್ದ ಟೊಮೆಟೊ ಗಿಡವೊಂದನ್ನು ಕಿತ್ತೆ. ಬೇರು ನೋಡಿ ಕೈ ಅಲ್ಲೇ ನಿಂತಿತು. ನೂಲಿನ ಹಾಗೆ ಇಳಿಯಬೇಕಾದ ಬೇರಿನ ತುಂಬ ಗಂಟು. ಒಣಶುಂಠಿಯ ಚೂರುಗಳನ್ನು ದಾರಕ್ಕೆ ಪೋಣಿಸಿದಂತಿತ್ತು. ಜಂತುಹುಳುವಿನ ಕೆಲಸ. ಕಣ್ಣಿಗೆ ಕಾಣದ ಹುಳು ಬೇರಿನೊಳಗೆ ಮನೆ ಮಾಡಿಕೊಂಡರೆ ಹೀಗಾಗುತ್ತೆ. ಬೆಳಿಗ್ಗೆ ನೀರು ಹಾಕಿದರೂ ಮಧ್ಯಾಹ್ನಕ್ಕೆ ಗಿಡ ಯಾಕೆ ಬಾಡುತ್ತಿತ್ತು ಅಂತ ಆಗ ಗೊತ್ತಾಯಿತು. ಗೊಬ್ಬರ ಸಾಲದು ಅಂದುಕೊಂಡು ನಾನು ಹಾಕಿದ್ದೇ ಹಾಕಿದ್ದು!

ಮೈಸೂರಿನ ನಮ್ಮ ಮನೆ ತಾರಸಿಯಲ್ಲಿ 30 ಗ್ರೋ ಬ್ಯಾಗ್, ಅಂದರೆ ಗಿಡ ಬೆಳೆಸುವ ಚೀಲ, ಇವೆ. ಹಿಂದಿನ ವರ್ಷದವರೆಗೂ ಒಂದು ಗಿಡ ಕಿತ್ತ ದಿನವೇ ಅದೇ ಮಣ್ಣಿಗೆ ಇನ್ನೊಂದು ಸಸಿ ನೆಡುತ್ತಿದ್ದೆ. ಟೊಮೆಟೊ ಆದಮೇಲೆ ಬದನೆ, ಬದನೆ ಆದಮೇಲೆ ಮೆಣಸಿನಕಾಯಿ. ಮೂರೂ ಒಂದೇ ಕುಟುಂಬದವು. ಹುಳುಗಳಿಗೆ ಸುಮ್ನೆ ಊಟ ಬಡಿಸಿದ ಹಾಗಾಯಿತು ಅಷ್ಟೇ.

ಈ ಸಲ ಎಂಟು ಬ್ಯಾಗ್ ಖಾಲಿ ಮಾಡಿದೆ. ಗಂಟು ಬೇರನ್ನೆಲ್ಲ ಆರಿಸಿ ತೆಗೆದು ಸುಟ್ಟೆ. ಅದನ್ನು ಮಾತ್ರ ಗೊಬ್ಬರದ ಡಬ್ಬಕ್ಕೆ ಹಾಕಬಾರದು. ಮಣ್ಣನ್ನು ಹಳೇ ಟಾರ್ಪಾಲಿನ ಮೇಲೆ ಹಪ್ಪಳ ಒಣಹಾಕುವ ಹಾಗೆ ತೆಳ್ಳಗೆ ಹರಡಿ, ದಿನ ಬಿಟ್ಟು ದಿನ ಕೈಯಾಡಿಸಿದೆ. ಪುಷ್ಯದ ಬಿಸಿಲಿಗೆ ಖಾರ ಇಲ್ಲ ನಿಜ, ಆದರೆ ಮಳೆಯ ಕಾಟವೂ ಇಲ್ಲ. ಎರಡು ವಾರಕ್ಕೆ ಮಣ್ಣು ರವೆಯ ಹಾಗೆ ಉದುರಾಯಿತು. ಒಣಗಿದರೂ ಹುಳುವಿನ ಮೊಟ್ಟೆ ಪೂರ್ತಿ ಸಾಯುವುದಿಲ್ಲ. ಅದಕ್ಕೇ ಎರಡು ಪಾಲು ಮಣ್ಣಿಗೆ ಒಂದು ಪಾಲು ಗೊಬ್ಬರ, ಒಂದು ಪಾಲು ಕೋಕೋಪೀಟ್ (ತೆಂಗಿನ ನಾರಿನ ಪುಡಿ) ಬೆರೆಸಿ, ಬ್ಯಾಗಿಗೊಂದು ಹಿಡಿ ಬೇವಿನ ಹಿಂಡಿ ಹಾಕಿ ತೇವ ಮಾಡಿಟ್ಟೆ. ಆ ಎಂಟರಲ್ಲೂ ಈಗ ಚೆಂಡು ಹೂವಿನ ಸಸಿ ಇವೆ. ಅದರ ಬೇರು ಈ ಹುಳುಗಳಿಗೆ ಆಗಿಬರುವುದಿಲ್ಲ. ತರಕಾರಿ ಆಮೇಲೆ ನೋಡೋಣ.

ಗೊಬ್ಬರದ ವಿಷಯಕ್ಕೆ ಬಂದರೆ, ಸಂಕ್ರಾಂತಿ ಹೊತ್ತಿಗೆ ನಮ್ಮ ಕಡೆ ಮನೆಮನೆಯಲ್ಲೂ ಅವರೆಕಾಯಿ ಸಿಪ್ಪೆ. ಹಿದುಕಿದ ಬೇಳೆ ಮಾಡಿದರಂತೂ ಮೇಲಿನ ತೊಗಟೆ ಬೇರೆ. ಕಳೆದ ವರ್ಷ ಬರೀ ಸಿಪ್ಪೆ ತುಂಬಿಸಿಟ್ಟು ಪಕ್ಕದ ಮನೆಯವರಿಂದ ಬೈಸಿಕೊಂಡಿದ್ದೆ. ಅಷ್ಟು ನಾತ, ಜೊತೆಗೆ ಹುಳು. ಈಗ ಒಂದು ಬುಟ್ಟಿ ಸಿಪ್ಪೆಗೆ ಎರಡು ಬುಟ್ಟಿ ತರಗೆಲೆ, ಮೇಲೆ ಒಂದು ಲೋಟ ಹುಳಿ ಮಜ್ಜಿಗೆ. ತರಗೆಲೆಗೆ ಬರ ಇಲ್ಲ. ಬೀದಿ ಗುಡಿಸುವವರು ಕಟ್ಟಿಟ್ಟ ಮೂಟೆ ತೋರಿಸಿ "ಅಕ್ಕಾ, ಇದು ನನಗಿರಲಿ" ಅಂದೆ. ನಕ್ಕು ಇನ್ನೊಂದು ಮೂಟೆಯನ್ನೂ ಗೇಟಿನ ಹತ್ತಿರ ಇಟ್ಟುಹೋದರು. ಈ ಗೊಬ್ಬರ ಆಗುವುದು ಏಪ್ರಿಲ್‌ಗೆ, ಮಳೆಗಾಲದ ಗಿಡಗಳಿಗೆ. ಈಗ ಮಣ್ಣಿಗೆ ಬೆರೆಸಿದ್ದು ದಸರಾ ಮುಗಿದ ಮೇಲೆ ಹಾಕಿಟ್ಟಿದ್ದು.

ಮನೆಯಲ್ಲಿ ಗಲಾಟೆಯಾಗಿದ್ದು ಮಲ್ಲಿಗೆಯಿಂದ. ಕುಂಡದಲ್ಲಿರುವ ದುಂಡು ಮಲ್ಲಿಗೆ ಅತ್ತೆಯ ಗಿಡ. ಹೂ ಬಿಡುವುದು ಹೊಸ ಚಿಗುರಲ್ಲಿ, ಹಾಗಾಗಿ ಚಳಿಗಾಲದಲ್ಲಿ ಕತ್ತರಿಸಲೇಬೇಕು. ಹತ್ತು ದಿನ ನೀರು ನಿಲ್ಲಿಸಿದೆ. ಆಮೇಲೆ ಒಣಕಲು ಕಡ್ಡಿ, ಒಳಕ್ಕೆ ತಿರುಗಿದ ಕೊಂಬೆ ತೆಗೆದು, ಉಳಿದದ್ದನ್ನು ಒಂದೂವರೆ ಅಡಿಗೆ ನಿಲ್ಲಿಸಿದೆ. ಇದ್ದ ಎಲೆಯನ್ನೂ ಕೈಯಲ್ಲೇ ಸವರಿ ತೆಗೆದೆ. ಅತ್ತೆ ಮೇಲೆ ಬಂದರು.

"ಏನೇ ಇದು, ಗಿಡಾನ ಬೋಳಿಸಿಬಿಟ್ಟೆಯಲ್ಲೇ!"

"ಯುಗಾದಿಗೆ ಮೊಗ್ಗು ಬರುತ್ತೆ ಅತ್ತೆ, ಅಲ್ಲೀತನಕ ಸುಮ್ನಿರಿ."

"ಬರದೇ ಇದ್ರೆ ನೀನೇ ಮಾರ್ಕೆಟ್ಟಿಂದ ದಿನಾ ಮೊಳ ಹೂ ತಂದ್ಕೊಡು."

ಇನ್ನು ಬೀಜ. ಡಿಸೆಂಬರಲ್ಲಿ ಹಾಗಲ ಬೀಜ ಹಾಕಿ, ಮೂರು ವಾರ ಕಾದು, ಕೊನೆಗೆ ಕೆದಕಿ ನೋಡಿ ಕೊಳೆತಿದ್ದು ಕಂಡವಳು ನಾನು. ರಾತ್ರಿ ಹೊತ್ತು 16 ಡಿಗ್ರಿಗೆ ಇಳಿಯುವ ದಿನಗಳಲ್ಲಿ ಅದು ಏಳುವುದು ಕಷ್ಟ. ಬೆಂಡೆಯೂ ಅಷ್ಟೇ. ಹಿರಿಯರು ಶಿವರಾತ್ರಿಗೆ ಚಳಿ ಶಿವ ಶಿವಾ ಅಂತ ಹೋಗುತ್ತೆ ಅಂತಾರಲ್ವಾ, ಮಣ್ಣಿಗೆ ಬೀಜ ಆ ಹೊತ್ತಿಗೇ. ಕಳೆದ ಸಲ ಬೆಂಡೆಯ ಎಲೆ ನರವೆಲ್ಲ ಹಳದಿಯಾಗಿ ಗಿಡ ಕೈಕೊಟ್ಟಿತ್ತು. ಬಿಳಿನೊಣ ಹರಡುವ ರೋಗ ಅದು. ಈ ಸಲ ಅದನ್ನು ತಡೆಯಲೆಂದೇ ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆ ರೂಪಿಸಿದ ಅರ್ಕಾ ಅನಾಮಿಕ ಅನ್ನುವ ಬೆಂಡೆ ತಳಿಯ ಬೀಜ ತಂದಿಟ್ಟಿದ್ದೇನೆ.

ಹಳೇ ಬೀಜಕ್ಕೆ ಮಾತ್ರ ಈಗಲೇ ಪರೀಕ್ಷೆ. ಹತ್ತು ಹಾಗಲ ಬೀಜದ ತುದಿಯನ್ನು ನೈಲ್ ಕಟರಿನಲ್ಲಿ ಸ್ವಲ್ಪ ಸೀಳಿ, ರಾತ್ರಿ ನೆನೆಸಿ, ಒದ್ದೆ ಬಟ್ಟೆಯಲ್ಲಿ ಸುತ್ತಿ ಡಬ್ಬಿಗೆ ಹಾಕಿದೆ. ಅಡುಗೆಮನೆ ಕಿಟಕಿಯಲ್ಲಿಟ್ಟಾಗ ಹತ್ತು ದಿನಕ್ಕೆ ಮೂರು ಮೊಳೆತವು. ಇನ್ನೊಂದು ಹತ್ತನ್ನು ಟೀವಿಯ ಸೆಟ್‌ಟಾಪ್ ಬಾಕ್ಸ್ ಮೇಲಿಟ್ಟೆ. ಅತ್ತೆ ಸೀರಿಯಲ್ ನೋಡುವಷ್ಟು ಹೊತ್ತೂ ಅದು ಬೆಚ್ಚಗಿರುತ್ತಲ್ಲ. ಆರು ದಿನಕ್ಕೆ ಏಳು ಬೀಜ ಮೂತಿ ತೆರೆದವು.

ಮಲ್ಲಿಗೆ ಕಡ್ಡಿಯಲ್ಲಿ ಅಕ್ಕಿಕಾಳಷ್ಟು ಚಿಗುರು ಕಾಣುತ್ತಿದೆ, ಮೊಗ್ಗಿಲ್ಲ. ಅತ್ತೆ ದಿನಾ ಬೆಳಿಗ್ಗೆ ಕನ್ನಡಕ ಹಾಕಿಕೊಂಡು ಮೇಲೆ ಹೋಗಿ ನೋಡಿಬರುತ್ತಾರೆ. ನನ್ನ ಹತ್ತಿರ ಮಾತ್ರ ಆ ಮಾತು ಎತ್ತುವುದಿಲ್ಲ.