ಟಿಎಚ್350 ಗೇರ್ ಬೇಗ ಬೀಳುತ್ತಿತ್ತು

ಡ್ರ್ಯಾಗ್ (ನೇರ ಓಟದ ರೇಸ್) ಕಾರಿನ ಟಿಎಚ್350, ಅಂದರೆ ಜಿಎಂ ಕಂಪನಿಯ ಮೂರು ಗೇರಿನ ಆಟೊಮ್ಯಾಟಿಕ್ ಗೇರ್‌ಬಾಕ್ಸ್, ಕಾಲುಮೈಲಿ ಓಟದಲ್ಲಿ 6200 ಆರ್‌ಪಿಎಂ ಬದಲು 5000ಕ್ಕೇ ಎರಡನೇ ಗೇರಿಗೆ ಜಿಗಿಯುತ್ತಿತ್ತು. ತಂತಿ ಕ್ಲಿಪ್ ತೆಗೆದು ಗವರ್ನರ್ (ವೇಗ ನೋಡಿ ಗೇರ್ ಬದಲಿಸುವ ಭಾಗ) ಹೊರಗೆಳೆದು, ತೂಕದ ತುಂಡುಗಳನ್ನು ಎರಡೂ ಕಡೆ ಸಮನಾಗಿ ತೇಯ್ದದ್ದಾಯಿತು. ಹಗುರವಾದಷ್ಟೂ ಶಿಫ್ಟ್ ತಡವಾಗುತ್ತದೆ; ಆದರೆ ಎರಡರಿಂದ ಮೂರನೇ ಗೇರಿನ ಶಿಫ್ಟ್ ಕೂಡ ಅದರ ಜೊತೆಗೇ ಮೇಲೇರುತ್ತದೆ. ಅದಕ್ಕಿಂತ ದೊಡ್ಡ ತೊಡಕು ಬೇರೆ: ಗವರ್ನರ್ ತಿರುಗುವುದು ಔಟ್‌ಪುಟ್ ಶಾಫ್ಟಿನಿಂದ, ಅಂದರೆ ಚಕ್ರಗಳ ಕಡೆಗೆ ಹೋಗುವ ದಂಡದಿಂದ. ಹೊರಡುವಾಗ ಟಯರ್ ನಿಂತಲ್ಲೇ ಗಿರಗಿರ ಸುತ್ತಿದರೂ ಅದರ ಲೆಕ್ಕದಲ್ಲಿ ಕಾರು ಓಡುತ್ತಿದೆ, ಗೇರ್ ಬಿತ್ತು!

ಕೊನೆಗೆ ಎಲ್ಲ ಗೇರನ್ನೂ ಕೈಯಿಂದಲೇ ಬದಲಿಸುವಂತೆ ಮಾಡುವ ಫುಲ್ ಮ್ಯಾನ್ಯುವಲ್ ವಾಲ್ವ್ ಬಾಡಿ ಕೂರಿಸಿದ್ದೇ ಪರಿಹಾರ. ಮಾಡ್ಯುಲೇಟರ್ (ಇಂಜಿನ್ ವ್ಯಾಕ್ಯೂಮ್ ನೋಡಿ ಗೇರ್‌ಬಾಕ್ಸಿನ ಒತ್ತಡ ಹೊಂದಿಸುವ ಭಾಗ) ಪೈಪ್ ಕಿತ್ತರೆ ಇಂಜಿನ್ ಕಡೆಯ ವ್ಯಾಕ್ಯೂಮ್ ತೂತಿಗೆ ಮುಚ್ಚಳ ಹಾಕಲೇಬೇಕು, ಇಲ್ಲದಿದ್ದರೆ ಗಾಳಿ ಎಳೆದು ಮಿಶ್ರಣ ತೆಳುವಾಗುತ್ತದೆ. ಕೈ ಲಿವರ್ ಎಳೆಯುವಷ್ಟರಲ್ಲಿ ಇಂಜಿನ್ ಏರಿರುತ್ತದೆ, ಹಾಗಾಗಿ ಗೇರ್ ಬದಲಿಸಲು ಸೂಚಿಸುವ ಶಿಫ್ಟ್ ಲೈಟ್ 6000ಕ್ಕೇ ಇಟ್ಟಿದೆ. ರಸ್ತೆಗೆ ಮಾತ್ರ ಇದು ಬರೀ ಕಿರಿಕಿರಿ.