ಪರೀಕ್ಷೆಯ ವರ್ಷದಲ್ಲೂ ಉಳಿದ ಚಟುವಟಿಕೆಗಳು: ನನ್ನ ಅನುಭವ

ಪದವಿಗಾಗಿ ಅಮೆರಿಕದ ಕಾಲೇಜುಗಳಿಗೂ ಅರ್ಜಿ ಹಾಕುವುದೆಂದು ನಾನು ಒಂಬತ್ತನೇ ತರಗತಿಯಲ್ಲಿದ್ದಾಗಲೇ ಮನೆಯಲ್ಲಿ ತೀರ್ಮಾನವಾಗಿತ್ತು. ಯಾವ ಪಠ್ಯೇತರ ಚಟುವಟಿಕೆಯನ್ನು ಇಟ್ಟುಕೊಳ್ಳಬೇಕು, ಯಾವುದನ್ನು ಬಿಡಬೇಕು ಎಂದು ಯೋಚಿಸುವ ಮೊದಲು ನಾನು ಅರ್ಜಿಯ ನಮೂನೆಯನ್ನೇ ಓದಿದೆ. ಸಾವಿರಕ್ಕೂ ಹೆಚ್ಚು ಕಾಲೇಜುಗಳು ಸ್ವೀಕರಿಸುವ ಸಾಮಾನ್ಯ ಅರ್ಜಿಯಾದ ಕಾಮನ್ ಆ್ಯಪ್‌ನಲ್ಲಿ ಗರಿಷ್ಠ 10 ಚಟುವಟಿಕೆಗಳಿಗೆ ಸ್ಥಳವಿದೆ. ಒಂದೊಂದರ ವಿವರಣೆ 150 ಅಕ್ಷರಗಳನ್ನು ಮೀರುವಂತಿಲ್ಲ. ಅಮೆರಿಕದ ಎಂಐಟಿಯ (ಮ್ಯಾಸಚೂಸೆಟ್ಸ್ ತಂತ್ರಜ್ಞಾನ ಸಂಸ್ಥೆ) ಪ್ರತ್ಯೇಕ ಅರ್ಜಿಯಲ್ಲಂತೂ ನಾಲ್ಕಕ್ಕೇ ಅವಕಾಶ. ನನ್ನ ಗಮನ ಸೆಳೆದದ್ದು ಬೇರೆ ಅಂಕಣಗಳು: 9ರಿಂದ 12ರವರೆಗೆ ಯಾವ ಯಾವ ತರಗತಿಯಲ್ಲಿ ಇದನ್ನು ಮಾಡಿದಿರಿ, ವಾರಕ್ಕೆ ಎಷ್ಟು ಗಂಟೆ, ವರ್ಷಕ್ಕೆ ಎಷ್ಟು ವಾರ ಎಂದು ಅಲ್ಲಿ ಕೇಳುತ್ತಾರೆ.

ನಮ್ಮ ಮಕ್ಕಳಿಗೆ ಈ ನಾಲ್ಕು ವರ್ಷಗಳು ಒಂದೇ ಎಳೆಯಲ್ಲಿ ಸಾಗುವುದಿಲ್ಲ. ಎಸ್ಸೆಸ್ಸೆಲ್ಸಿಯ ವರ್ಷ ಬಂದೊಡನೆ ಎಲ್ಲವೂ ನಿಲ್ಲುತ್ತದೆ. ಅದು ಮುಗಿದ ಮೇಲೆ ಪಿಯು ಕಾಲೇಜಿಗಾಗಿ ಶಾಲೆಯೇ ಬದಲಾಗುವುದರಿಂದ ಶಾಲೆಯ ಸಂಘ, ಶಾಲೆಯ ತಂಡ, ಶಾಲೆಯ ನಾಯಕತ್ವ ಎಲ್ಲವೂ ಅಲ್ಲಿಗೇ ಕೊನೆಯಾಗುತ್ತವೆ. ಆದ್ದರಿಂದ, ಶಾಲೆಯನ್ನು ಅವಲಂಬಿಸದೆ ಊರಿನಲ್ಲೇ ನಡೆಯುವಂಥದ್ದು ಮತ್ತು ಪರೀಕ್ಷೆಯ ತಿಂಗಳಲ್ಲೂ ಅಲ್ಪಸ್ವಲ್ಪ ಮುಂದುವರಿಸಬಹುದಾದದ್ದು ಎಂಬ ಎರಡು ಅಳತೆಗೋಲುಗಳನ್ನು ಇಟ್ಟುಕೊಂಡೆ. ಚೆಸ್ ತರಗತಿಯನ್ನೂ, ಪ್ರಮಾಣಪತ್ರಕ್ಕಾಗಿ ಊರೂರು ಸುತ್ತುವ ಭಾಷಣ ಸ್ಪರ್ಧೆಗಳನ್ನೂ ಕೈಬಿಟ್ಟೆ.

ಯಕ್ಷಗಾನವನ್ನು ಉಳಿಸಿಕೊಂಡೆ, ಆದರೆ ವೇಷಕ್ಕಿಂತ ಚೆಂಡೆಯನ್ನು ಆರಿಸಿದೆ. ಮೇಳಗಳ ತಿರುಗಾಟ ನವೆಂಬರ್ ಸುಮಾರಿಗೆ ಆರಂಭವಾಗಿ ಮೇ ಅಂತ್ಯದವರೆಗೆ ನಡೆಯುತ್ತದೆ. ಹವ್ಯಾಸಿ ಪ್ರದರ್ಶನಗಳೂ ಬಹುಪಾಲು ಆ ಅವಧಿಯಲ್ಲೇ ಇರುವುದರಿಂದ ವೇಷಕ್ಕೆ ನಿಂತರೆ ರಾತ್ರಿ ಆಟಗಳು ನೇರವಾಗಿ ಪರೀಕ್ಷೆಯ ತಯಾರಿಗೆ ಅಡ್ಡ ಬರುತ್ತವೆ. ಹಿಮ್ಮೇಳದ ಕಲಿಕೆಯೋ ಮಳೆಗಾಲದಲ್ಲಿ ಚೆನ್ನಾಗಿ ಸಾಗುತ್ತದೆ: ಗುರುಗಳಿಗೂ ಬಿಡುವು, ನಮಗೂ ಶಾಲೆಯ ಮೊದಲ ತಿಂಗಳುಗಳು. ಏಕತಾಳ, ರೂಪಕ, ಝಂಪೆ, ತ್ರಿವುಡೆಗಳ ಪಾಠ ಜೂನ್‌ನಿಂದ ದೀಪಾವಳಿಯವರೆಗೆ. ಆಮೇಲೆ ಮನೆಯಲ್ಲಿ ದಿನಕ್ಕೊಂದಿಷ್ಟು ಸಾಧಕ.

ಎರಡನೆಯದು ಬಾವಿ ನೀರಿನ ದಾಖಲೆ. ಅರ್ಜಿಯಲ್ಲಿ ನಾನು ಮೊದಲ ಸ್ಥಾನ ಕೊಟ್ಟದ್ದು ಇದಕ್ಕೇ. ಉಡುಪಿಯ ಸುವರ್ಣಾ ನದಿ ಕಡಲು ಸೇರುವ ಕಡೆಗೆ ನಮ್ಮ ಊರು. ಬೇಸಿಗೆಯಲ್ಲಿ ಉಬ್ಬರದ ನೀರು ಮೇಲೇರಿ ಬಂದು, ಹೊಳೆಬದಿಯ ಬಾವಿಗಳು ಉಪ್ಪಾಗುತ್ತವೆ. ಪ್ರತಿ ಭಾನುವಾರ ನೆರೆಯ ಕೆಲವು ಬಾವಿಗಳಿಂದ ಒಂದೊಂದು ಕೊಡಪಾನ ನೀರು ಸೇದಿ, ಗಾಜಿನ ಲೋಟವನ್ನು ಅದೇ ನೀರಿನಲ್ಲಿ ತೊಳೆದು, ನೀರಿನಲ್ಲಿ ಕರಗಿದ ಲವಣಾದಿಗಳ ಪ್ರಮಾಣ ತೋರಿಸುವ ಟಿಡಿಎಸ್ ಮೀಟರ್ ಅದ್ದಿ, ಅಂಕಿ ನಿಂತ ಮೇಲೆ ಬರೆದುಕೊಳ್ಳುತ್ತಿದ್ದೆ. ಗಂಟು ಹಾಕಿದ ಹಗ್ಗ ಇಳಿಸಿ ನೀರಿನ ಮಟ್ಟವನ್ನೂ ಅಳೆಯುತ್ತಿದ್ದೆ. ಕುಡಿಯುವ ನೀರಿನಲ್ಲಿ ಹೀಗೆ ಕರಗಿದ ಅಂಶಕ್ಕೆ ಲೀಟರಿಗೆ 500 ಮಿಲಿಗ್ರಾಂ ಮಿತಿ, ಬೇರೆ ಮೂಲವಿಲ್ಲದಿದ್ದರೆ 2000ದವರೆಗೆ ಸಹ್ಯ ಎಂದು ಭಾರತೀಯ ಮಾನಕ ಹೇಳುತ್ತದೆ. ಆ ಗೆರೆಯನ್ನು ಯಾವ ಬಾವಿ ಯಾವ ತಿಂಗಳಲ್ಲಿ ದಾಟುತ್ತದೆ, ಉಪ್ಪುನೀರು ತಡೆಯುವ ಕಿಂಡಿ ಅಣೆಕಟ್ಟಿಗೆ ಹಲಗೆ ಹಾಕಿದ ಮೇಲೆ ಏನಾಗುತ್ತದೆ ಎಂಬುದು ಪುಸ್ತಕದಲ್ಲಿ ನಿಚ್ಚಳವಾಗಿ ಕಾಣುತ್ತಿತ್ತು. "ಈ ಸಲ ಎಷ್ಟು ಬಂತು ಮಗಾ?" ಎಂದು ಪಕ್ಕದ ಮನೆಯ ದೊಡ್ಡಮ್ಮ ಕೇಳತೊಡಗಿದಾಗ, ಈ ಕೆಲಸ ಅರ್ಜಿಗಿಂತ ದೊಡ್ಡದೆಂದು ನನಗೆ ಅನಿಸಿತು. ಎಸ್ಸೆಸ್ಸೆಲ್ಸಿ ಪರೀಕ್ಷೆ ನಡೆಯುವ ದಿನಗಳಲ್ಲೇ ನೀರು ಉಪ್ಪಾಗುವುದರಿಂದ ಆಗ ನಿಲ್ಲಿಸುವ ಪ್ರಶ್ನೆಯೇ ಇರಲಿಲ್ಲ.

ಮೂರನೆಯದಾಗಿ, ಸಂಜೆ ಅಪ್ಪನ ದಿನಸಿ ಅಂಗಡಿಯಲ್ಲಿ ಲೆಕ್ಕ ಬರೆಯುತ್ತಿದ್ದುದನ್ನು ಸೇರಿಸಿದೆ. ಕುಟುಂಬದ ಜವಾಬ್ದಾರಿ, ಸಂಬಳದ ಕೆಲಸ ಎರಡಕ್ಕೂ ಕಾಮನ್ ಆ್ಯಪ್‌ನಲ್ಲಿ ಪ್ರತ್ಯೇಕ ವರ್ಗಗಳೇ ಇವೆ. ನಮ್ಮ ಕಡೆಯ ಮಕ್ಕಳು ಇದನ್ನು ಹೇಳಿಕೊಳ್ಳಲು ಸಂಕೋಚಪಡುತ್ತಾರೆ. ಹಾಗೆ ಸಂಕೋಚಪಡಬೇಕಾದ ಕಾರಣವೇ ಇಲ್ಲ.

ಇಲ್ಲಿಯೇ ಎಂಜಿನಿಯರಿಂಗ್ ಓದುವವರಿಗೆ ಈ ಲೆಕ್ಕಾಚಾರ ಬೇರೆ. ಸಿಇಟಿ ಸೀಟಿಗೆ ರ‍್ಯಾಂಕೇ ಆಧಾರ. ಕ್ರೀಡೆ, ಎನ್‌ಸಿಸಿ, ಸ್ಕೌಟ್ಸ್ ಮತ್ತು ಗೈಡ್ಸ್‌ನಂಥ ವಿಶೇಷ ವರ್ಗಗಳಿಗೆ ಮಾತ್ರ ಚಟುವಟಿಕೆ ನೆರವಾಗುತ್ತದೆ.

ಅರ್ಜಿ ತುಂಬುವ ಕಾಲ ದ್ವಿತೀಯ ಪಿಯುಸಿಯ ನಡುಮಧ್ಯಕ್ಕೆ ಬರುತ್ತದೆ: ಬೇಗನೆ ನಿರ್ಧಾರ ಬಯಸುವವರಿಗೆ ಅನೇಕ ಕಡೆ ನವೆಂಬರ್ 1, ಉಳಿದವರಿಗೆ ಹೆಚ್ಚಾಗಿ ಜನವರಿಯ ಮೊದಲ ದಿನಗಳು. ಗಂಟೆಗಳ ಲೆಕ್ಕವನ್ನು ಆಗ ನೆನಪಿನಿಂದ ಕಟ್ಟಲಾಗದು, ಆದ್ದರಿಂದ ಒಂಬತ್ತನೇ ತರಗತಿಯಿಂದಲೇ ಒಂದು ನೋಟ್‌ಪುಸ್ತಕ ಇಡಿ. ಶಿಫಾರಸು ಪತ್ರ ಬರೆಯುವ ಉಪನ್ಯಾಸಕರು ನಿಮ್ಮನ್ನು ಕಂಡು ಒಂದೇ ವರ್ಷವಾಗಿರುತ್ತದೆ. ನಾನು ರಸಾಯನಶಾಸ್ತ್ರದ ಮೇಡಂ ಅವರಿಗೆ ಬಾವಿಗಳ ದಾಖಲೆಯನ್ನು ಪ್ರಥಮ ಪಿಯುಸಿಯ ಮಳೆಗಾಲದಲ್ಲೇ ತೋರಿಸಿ, ಮೀಟರ್‌ನ ಅಂಕಿಗಳನ್ನು ಕಾಲೇಜಿನ ಪ್ರಯೋಗಾಲಯದಲ್ಲಿ ಪರೀಕ್ಷಿಸಿ ನೋಡಲು ಅವರ ಅನುಮತಿ ಕೇಳಿದ್ದೆ.